ಲಿಬರ್ಟಿ ಪ್ರತಿಮೆ ನೋಡಲು ಹೊರಟಿದ್ದೀರಾ? ವೆಸ್ಟ್ ಹಾಕಿಕೊಂಡು ನಿಂತವರ ಹತ್ತಿರ ಟಿಕೆಟ್ ತಗೊಳ್ಳಬೇಡಿ

ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಬಂದಿರುವ ಅಪ್ಪ ಅಮ್ಮನನ್ನು ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆ ತೋರಿಸಲು ಕರೆದುಕೊಂಡು ಹೊರಟವರು ದಯವಿಟ್ಟು ಇದನ್ನು ಓದಿ. ನಮಗೆ 135 ಡಾಲರ್ ಹೋಯಿತು, ಜೊತೆಗೆ ಒಂದು ಇಡೀ ದಿನ ಹೋಯಿತು. ಹನ್ನೊಂದು ಸಾವಿರ ರೂಪಾಯಿ ಚಿಲ್ಲರೆ. ದುಡ್ಡು ಹಾಳಾಗಲಿ, ಅಮ್ಮನ ಮುಖ ನೋಡಿ ಬೇಜಾರಾಯಿತು.

ನನ್ನ ತಮ್ಮ ನ್ಯೂಯಾರ್ಕಿನ ಎದುರು ದಡದಲ್ಲಿ, ನ್ಯೂಜರ್ಸಿಯ ಜರ್ಸಿ ಸಿಟಿಯಲ್ಲಿದ್ದಾನೆ. ಹೋದ ಮೇ ತಿಂಗಳು ಅಪ್ಪ, ಅಮ್ಮ, ನಾನು ಅವನ ಮನೆಗೆ ಹೋಗಿದ್ದೆವು. ಅವನಿಗೆ ವಾರದ ದಿನ ರಜೆ ಇಲ್ಲ. "ಅಕ್ಕಾ, ಸುಮ್ನೆ ಪಾತ್ ಟ್ರೈನ್ ಹತ್ತಿ ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ ಇಳಿ, ಅಲ್ಲಿಂದ ಬ್ಯಾಟರಿ ಪಾರ್ಕ್‌ಗೆ ನಡೆದರೆ ಆಯ್ತು, ಟಿಕೆಟ್ ಅಲ್ಲೇ ಸಿಗುತ್ತೆ" ಅಂದ. ನಾಲ್ಕು ವರ್ಷದಿಂದ ಅಲ್ಲೇ ಇದ್ದಾನೆ, ಒಂದು ಸಲವೂ ಪ್ರತಿಮೆ ನೋಡಲು ಹೋಗಿಲ್ಲ. ಅದು ನನಗೆ ಆಮೇಲೆ ಗೊತ್ತಾದ ವಿಷಯ.

ಅಮ್ಮ ಬೆಳಿಗ್ಗೆ ಐದಕ್ಕೇ ಎದ್ದು ಪುಳಿಯೋಗರೆ ಕಲಸಿ, ಮೊಸರನ್ನ ಡಬ್ಬಿಗೆ ಹಾಕಿ ಸಿದ್ಧವಾಗಿದ್ದಳು. ಪ್ರತಿಮೆಯ ದ್ವೀಪಕ್ಕೆ ಬೋಟ್ ಹೊರಡುವುದು ಮ್ಯಾನ್‌ಹ್ಯಾಟನ್ನಿನ ತುದಿಯ ಈ ಬ್ಯಾಟರಿ ಪಾರ್ಕಿನಿಂದ. ಅದರ ಗೇಟಿಗೆ ಇನ್ನೂ ಐವತ್ತು ಹೆಜ್ಜೆ ಇರುವಾಗಲೇ ಒಬ್ಬ ಬಂದ. ಅಂಗಿಯ ಮೇಲೆ ತೋಳಿಲ್ಲದ ಬಣ್ಣದ ವೆಸ್ಟ್, ಕೊರಳಲ್ಲಿ ಐಡಿ ಕಾರ್ಡ್, ಕೈಯಲ್ಲಿ ಪ್ರತಿಮೆಯ ಫೋಟೋ ಇರುವ ದೊಡ್ಡ ಕಾರ್ಡು. "ನಮಸ್ತೆ, ಇಂಡಿಯಾ?" ಅಂದ. ಅಪ್ಪ ಖುಷಿಯಾಗಿ ನಮಸ್ತೆ ಅಂದುಬಿಟ್ಟರು, ಅಲ್ಲಿಗೆ ಮುಗಿಯಿತು. ಇವತ್ತಿನ ಸರ್ಕಾರಿ ಟಿಕೆಟ್ ಖಾಲಿ, ಸೆಕ್ಯುರಿಟಿ ಕ್ಯೂ ಮೂರು ಗಂಟೆ, ವಯಸ್ಸಾದವರನ್ನು ನಿಲ್ಲಿಸಬೇಡಿ, ನಮ್ಮದು ಲೈನ್ ಇಲ್ಲದ ಟಿಕೆಟ್, ಒಬ್ಬರಿಗೆ 45 ಡಾಲರ್, "ಸ್ಟ್ಯಾಚ್ಯೂ ಆಂಡ್ ಎಲ್ಲಿಸ್ ಐಲ್ಯಾಂಡ್" (ಪ್ರತಿಮೆ, ಜೊತೆಗೆ ಹಿಂದೆ ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ಪಕ್ಕದ ದ್ವೀಪ) ಎರಡೂ ಅಂತ ಒಂದೇ ಉಸಿರಿಗೆ ಹೇಳಿದ. ಅಮ್ಮನಿಗೆ ಮಂಡಿ ನೋವು. ಮೂರು ಗಂಟೆ ಅಂದ ತಕ್ಷಣ ನನ್ನ ತಲೆ ಓಡಲಿಲ್ಲ. ಕಾರ್ಡ್ ಕೊಟ್ಟೆ.

ಆಮೇಲೆ ನಮ್ಮನ್ನು ಒಂದು ಮಿನಿ ಬಸ್ಸಿನಲ್ಲಿ ಕೂರಿಸಿ ಬೇರೆ ಯಾವುದೋ ಪಿಯರಿಗೆ (ಬೋಟ್ ಹತ್ತುವ ಕಟ್ಟೆಗೆ) ಕರೆದುಕೊಂಡು ಹೋದರು. ಅಲ್ಲಿ ಒಂದೂಕಾಲು ಗಂಟೆ ಕಾದೆವು. ಲೈನ್ ಇಲ್ಲದ ಟಿಕೆಟ್ಟಿನ ಲೈನ್! ಬೋಟ್ ಹೊರಟಿತು, ಚೆನ್ನಾಗೇ ಇತ್ತು, ಗಾಳಿ ಜೋರು, ಅಮ್ಮ ಸೆರಗು ತಲೆಗೆ ಸುತ್ತಿಕೊಂಡು ಮುಂದೆ ಹೋಗಿ ನಿಂತಳು. ಪ್ರತಿಮೆಯ ಹತ್ತಿರ ಬಂದು ಬೋಟ್ ನಿಧಾನವಾಯಿತು, ಎಲ್ಲರೂ ಫೋಟೋ ತೆಗೆದರು, ಹತ್ತು ನಿಮಿಷ ಆಯಿತೇನೋ, ಬೋಟ್ ತಿರುಗಿತು. ಅಮ್ಮ ಕೇಳಿದಳು, "ಇಳಿಯೋದು ಯಾವಾಗ?"

ಇಳಿಯುವುದಿಲ್ಲ. ಟಿಕೆಟ್ಟಿನ ಹಿಂಬದಿ ಇರುವೆ ಸಾಲಿನಂಥ ಅಕ್ಷರದಲ್ಲಿ, ಇದು ನೀರಿನ ಮೇಲಿಂದ ನೋಡುವ ಟೂರ್, ದ್ವೀಪಗಳಲ್ಲಿ ಇಳಿಸುವುದಿಲ್ಲ, ಹಣ ವಾಪಸ್ ಇಲ್ಲ ಅಂತ ಬರೆದಿತ್ತು. ಎಲ್ಲಿಸ್ ದ್ವೀಪವನ್ನೂ ಅವರು "ತೋರಿಸಿದರು", ದೂರದಿಂದ, ಕೆಂಪು ಇಟ್ಟಿಗೆಯ ಕಟ್ಟಡ. ಅಪ್ಪ ಅಂದರು, "ಪ್ರದಕ್ಷಿಣೆ ಆಯ್ತು, ದರ್ಶನ ಇಲ್ಲ." ನಾವು ನಗಲಿಲ್ಲ. ಪುಳಿಯೋಗರೆಯನ್ನು ಆ ಪಿಯರಿನ ಪಕ್ಕದ ಬೆಂಚಿನ ಮೇಲೆ ಕೂತು ತಿಂದೆವು.

ಬ್ಯಾಂಕಿಗೆ ದೂರು ಕೊಟ್ಟೆ. ಟಿಕೆಟ್ಟಿನಲ್ಲಿ ಬರೆದ ಸೇವೆಯನ್ನು ಅವರು ಕೊಟ್ಟಿದ್ದಾರೆ ಅಂತ ತಳ್ಳಿಹಾಕಿದರು. ಬಾಯಲ್ಲಿ ಹೇಳಿದ್ದಕ್ಕೆ ಸಾಕ್ಷಿ ಎಲ್ಲಿಂದ ತರಲಿ?

ಈಗ ಸರಿಯಾದ ವಿಷಯ ಹೇಳುತ್ತೇನೆ, ಇದನ್ನು ಮಾತ್ರ ನೆನಪಿಟ್ಟುಕೊಳ್ಳಿ. ಪ್ರತಿಮೆ ಇರುವ ಲಿಬರ್ಟಿ ದ್ವೀಪಕ್ಕೂ ಎಲ್ಲಿಸ್ ದ್ವೀಪಕ್ಕೂ ಒಳಗೆ ಹೋಗಲು ಪ್ರವೇಶ ಶುಲ್ಕವೇ ಇಲ್ಲ. ಕೊಡುವುದು ಫೆರಿಯ ದುಡ್ಡು ಅಷ್ಟೇ. ಪ್ರವಾಸಿಗರನ್ನು ಅಲ್ಲಿ ಇಳಿಸಲು ಒಪ್ಪಿಗೆ ಇರುವುದು ಒಂದೇ ಕಂಪನಿಗೆ, ಈಗ ಅದರ ಹೆಸರು ಸ್ಟ್ಯಾಚ್ಯೂ ಸಿಟಿ ಕ್ರೂಸಸ್. ದೊಡ್ಡವರಿಗೆ ಸುಮಾರು 25 ಡಾಲರ್, 62 ದಾಟಿದವರಿಗೆ ಇನ್ನೂ ಕಡಿಮೆ, ಆಡಿಯೋ ಗೈಡ್ ಅದರಲ್ಲೇ ಸೇರಿದೆ (ಕನ್ನಡ ಇಲ್ಲ ಬಿಡಿ). ಒಂದೇ ಟಿಕೆಟ್‌ನಲ್ಲಿ ಎರಡೂ ದ್ವೀಪ. ನಾವು ಮೂವರು ಸುಮಾರು 70 ಡಾಲರಿನಲ್ಲಿ ಎರಡನ್ನೂ ನೋಡಿ ಬರಬಹುದಿತ್ತು. ಆನ್‌ಲೈನ್‌ನಲ್ಲಿ ಹುಡುಕಿದರೆ ಮೇಲ್ಗಡೆ ಬರುವುದೆಲ್ಲ ಜಾಹೀರಾತು, ಅದನ್ನು ಒತ್ತಬೇಡಿ. ಈ ದ್ವೀಪಗಳನ್ನು ನೋಡಿಕೊಳ್ಳುವ ಸರ್ಕಾರಿ ಇಲಾಖೆ ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಪುಟಕ್ಕೆ ಹೋಗಿ ಅಲ್ಲಿರುವ ಲಿಂಕ್ ಹಿಡಿದು ಬುಕ್ ಮಾಡಿ. ಅಲ್ಲೇ ಹೋಗಿ ತಗೊಳ್ಳುವುದಾದರೆ ಬ್ಯಾಟರಿ ಪಾರ್ಕಿನ ಒಳಗೆ ಕ್ಯಾಸಲ್ ಕ್ಲಿಂಟನ್ ಅಂತ ಒಂದು ದುಂಡಗಿನ ಕಲ್ಲಿನ ಕೋಟೆ ಇದೆ, ಕೌಂಟರ್ ಇರುವುದು ಅದರೊಳಗೆ. ದಾರಿಯಲ್ಲಿ ಎಷ್ಟು ಜನ ವೆಸ್ಟ್ ಹಾಕಿಕೊಂಡು ಅಡ್ಡ ಬಂದರೂ ನಿಲ್ಲದೆ ಕೋಟೆಯ ಬಾಗಿಲು ದಾಟಿ. ಇನ್ನೊಂದು, ಸೆಕ್ಯುರಿಟಿ ಚೆಕ್ ತಪ್ಪಿಸುವ ಟಿಕೆಟ್ ಯಾವುದೂ ಇಲ್ಲ. ವಿಮಾನ ನಿಲ್ದಾಣದ ಹಾಗೆ ಎಲ್ಲರನ್ನೂ ತಪಾಸಣೆ ಮಾಡಿಯೇ ಬೋಟ್ ಹತ್ತಿಸುವುದು.

ಹತ್ತಿರದಲ್ಲೇ ಸ್ಟೇಟನ್ ಐಲ್ಯಾಂಡ್ ಫೆರಿ ಇದೆ, ಕಿತ್ತಳೆ ಬಣ್ಣದ ದೊಡ್ಡ ಬೋಟ್. ಅದು 1997ರಿಂದ ಪೂರಾ ಉಚಿತ, ರಾತ್ರಿ ಹಗಲು ಓಡುತ್ತದೆ, ಪ್ರತಿಮೆಯ ಮುಂದೆಯೇ ಹಾದು ಹೋಗುತ್ತದೆ. ನಾವು 135 ಡಾಲರ್ ಕೊಟ್ಟು ನೋಡಿದ್ದು ಹೆಚ್ಚೂ ಕಡಿಮೆ ಇದನ್ನೇ! ಅದಕ್ಕೂ ಟಿಕೆಟ್ ಬೇಕು ಅಂತ ಮಾರುವವರು ಅಲ್ಲಿದ್ದಾರೆ. ನಂಬಬೇಡಿ.

ಎಲ್ಲಕ್ಕಿಂತ ಹೊಟ್ಟೆ ಉರಿದಿದ್ದು ಯಾವಾಗ ಗೊತ್ತಾ? ಫೆರಿ ಜರ್ಸಿ ಸಿಟಿಯಿಂದಲೂ ಹೊರಡುತ್ತದೆ. ಲಿಬರ್ಟಿ ಸ್ಟೇಟ್ ಪಾರ್ಕ್‌ನಿಂದ. ತಮ್ಮನ ಮನೆಯಿಂದ ಕಾರಿನಲ್ಲಿ ಹತ್ತು ನಿಮಿಷ. ಇದನ್ನು ಅವನಿಗೆ ಹೇಳಿದಾಗ "ಹೌದಾ?" ಅಂದ.

ಮುಂದಿನ ಭಾನುವಾರ ಅವನನ್ನೂ ಎಳೆದುಕೊಂಡು ಅಲ್ಲಿಂದಲೇ ಹೋದೆವು. ಆನ್‌ಲೈನ್ ಟಿಕೆಟ್, ಬೆಳಿಗ್ಗೆಯ ಬೋಟ್, ಒಬ್ಬನೇ ಒಬ್ಬ ವೆಸ್ಟಿನವನಿಲ್ಲ. ನ್ಯೂಜರ್ಸಿ ಕಡೆಯಿಂದ ಹೋದರೆ ಮೊದಲು ಎಲ್ಲಿಸ್ ಬರುತ್ತದೆ, ಮ್ಯಾನ್‌ಹ್ಯಾಟನ್ ಕಡೆಯಿಂದ ಹೋದರೆ ಮೊದಲು ಪ್ರತಿಮೆ. ನನ್ನ ಮಾತು ಕೇಳುವುದಾದರೆ ಎಲ್ಲಿಸ್ಸಿಗೆ ಮೂರು ಗಂಟೆಯಾದರೂ ಇಟ್ಟುಕೊಳ್ಳಿ. ಪ್ರತಿಮೆಯ ಹತ್ತಿರ ಸೆಲ್ಫಿ ತೆಗೆದುಕೊಂಡು ಸುಸ್ತಾಗಿ ಎಲ್ಲಿಸ್‌ನ ಮ್ಯೂಸಿಯಂ ಬಿಟ್ಟು ವಾಪಸ್ ಹೋಗುವವರು ತುಂಬ ಜನ, ಅದು ಇನ್ನೊಂದು ಥರದ ನಷ್ಟ. ಮಧ್ಯಾಹ್ನದ ಮೇಲೆ ಹೊರಟರೆ ಎರಡನ್ನೂ ನೋಡಲು ಆಗುವುದಿಲ್ಲ.

1892ರ ಜನವರಿ 1ರಂದು ಎಲ್ಲಿಸ್‌ನಲ್ಲಿ ವಲಸೆ ಬಂದವರಲ್ಲಿ ಮೊದಲು ಇಳಿದವಳು ಐರ್ಲೆಂಡಿನ ಆನಿ ಮೂರ್, ಹದಿನೇಳು ವರ್ಷದ ಹುಡುಗಿ. 1954ರಲ್ಲಿ ಮುಚ್ಚುವ ಹೊತ್ತಿಗೆ ಸುಮಾರು 1 ಕೋಟಿ 20 ಲಕ್ಷ ಜನ ಅಲ್ಲಿಂದ ಒಳಗೆ ಬಂದಿದ್ದರು. 1907 ಒಂದೇ ವರ್ಷದಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ. ಕೆಳಗಡೆ ಲಗೇಜ್ ಕೋಣೆಯಲ್ಲಿ ಹಳೆಯ ಟ್ರಂಕು, ಬೆತ್ತದ ಬುಟ್ಟಿ, ಗಂಟುಗಳನ್ನು ಪೇರಿಸಿಟ್ಟಿದ್ದಾರೆ. ಅಮ್ಮ ಅದರ ಮುಂದೆ ಬಹಳ ಹೊತ್ತು ನಿಂತಳು, ನಮ್ಮ ಅಜ್ಜಿಯ ಟ್ರಂಕು ಥೇಟ್ ಹಾಗೇ ಇತ್ತು. ಅಲ್ಲಿಂದ ಮೆಟ್ಟಿಲು ಹತ್ತಿ ಮೇಲಿನ ದೊಡ್ಡ ಹಾಲಿಗೆ ಹೋಗಬೇಕು. ಆ ಕಾಲದಲ್ಲಿ ಜನ ಮೆಟ್ಟಿಲು ಹತ್ತುವಾಗಲೇ ಡಾಕ್ಟರುಗಳು ಮೇಲೆ ನಿಂತು ನೋಡುತ್ತಿದ್ದರಂತೆ, ಯಾರಿಗೆ ಏದುಸಿರು, ಯಾರು ಕುಂಟುತ್ತಾರೆ ಅಂತ. ಅನುಮಾನ ಬಂದವರ ಕೋಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಕ್ಷರ. ಹೃದಯಕ್ಕೆ ಎಚ್, ಕಾಲಿಗೆ ಎಲ್, ಕಣ್ಣಿಗೆ ಇ. ಬೂಟಿನ ಗುಂಡಿ ಹಾಕುವ ಕೊಕ್ಕೆಯಲ್ಲಿ ಕಣ್ಣಿನ ರೆಪ್ಪೆ ಮಗುಚಿ ಟ್ರಕೋಮ ಅನ್ನುವ ಅಂಟು ಕಣ್ಣಿನ ರೋಗ ಇದೆಯೇ ಅಂತ ನೋಡುತ್ತಿದ್ದರು. ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದ ಅಮ್ಮನಿಗೆ ನಾನು ಇದನ್ನು ಓದಿ ಹೇಳಿದರೆ, "ಹಂಗಾದ್ರೆ ನನ್ನ ಸೀರೆ ಮೇಲೆ ಎಲ್ ಬರೆದು ವಾಪಸ್ ಕಳಿಸ್ತಿದ್ರು ಬಿಡು" ಅಂದಳು. (ಲಿಫ್ಟ್ ಇದೆ. ನಾವು ಆಮೇಲೆ ನೋಡಿದ್ದು.) ವಾಪಸ್ ಕಳಿಸಿದ್ದು ನೂರಕ್ಕೆ ಇಬ್ಬರನ್ನು ಅಷ್ಟೇ. ಆದರೆ ಆ ಇಬ್ಬರ ಮನೆಯವರಿಗೆ ಹೇಗಾಗಿರಬೇಕು ಅಲ್ವಾ?

ಹಡಗಿನಲ್ಲಿ ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್‌ನಲ್ಲಿ ಬಂದವರನ್ನು ಹಡಗಿನಲ್ಲೇ ನೋಡಿ ಬಿಡುತ್ತಿದ್ದರು, ಈ ದ್ವೀಪದ ಪಾಡು ಕೆಳಗಿನ ದರ್ಜೆಯವರಿಗೆ ಮಾತ್ರ. ಅಪ್ಪನಿಗೆ ಇದು ಸರಿ ಬರಲಿಲ್ಲ. ಅಧಿಕಾರಿಗಳು ಬಂದವರ ಹೆಸರನ್ನೇ ಬದಲಿಸುತ್ತಿದ್ದರು ಅನ್ನುವ ಕತೆ ಕೇಳಿರುತ್ತೀರಿ, ಅದು ನಿಜವಲ್ಲ. ಹಡಗಿನ ಕಂಪನಿ ಬರೆದು ತಂದ ಪಟ್ಟಿಯನ್ನು ಹಿಡಿದುಕೊಂಡೇ ಅವರು ಕೂಗುತ್ತಿದ್ದರು. ಆಗ ತಮ್ಮ ಅಂದ, "ನನ್ನ ಹೆಸರು ಮಾತ್ರ ನಿಜವಾಗಲೂ ಬದಲಾಗಿದೆ." ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆಯುವಾಗ ಊರಿನ ಹೆಸರು ಸರ್‌ನೇಮ್ ಆಗಿ ಕೂತುಬಿಟ್ಟಿದೆ. ಆಫೀಸಿನಲ್ಲಿ ಎಲ್ಲರೂ ಅವನನ್ನು ಮಿಸ್ಟರ್ ಹೊಳಲ್ಕೆರೆ ಅನ್ನುತ್ತಾರಂತೆ. ಅಪ್ಪನಿಗೆ ಇದರಲ್ಲಿ ಹೆಮ್ಮೆಯೇ.

ಹಳೆಯ ಹಡಗಿನ ಪಟ್ಟಿಗಳನ್ನು ಹುಡುಕುವ ಕಂಪ್ಯೂಟರುಗಳೂ ಅಲ್ಲಿವೆ. ನಮ್ಮ ಕಡೆಯವರು ಯಾರಾದರೂ ಸಿಗುತ್ತಾರಾ ಅಂತ ಅಪ್ಪ ಕೇಳಿದರು. 1917ರ ಕಾನೂನು ಭಾರತದಿಂದ ಬರುವ ಕೂಲಿಕಾರರಿಗೆ ಬಾಗಿಲು ಹಾಕಿತು, ಅದು ಸರಿಯಾಗಿ ತೆರೆದಿದ್ದು 1965ರ ಕಾನೂನು ಬಂದ ಮೇಲೆ. ಅಷ್ಟು ಹೊತ್ತಿಗೆ ಎಲ್ಲಿಸ್ ಮುಚ್ಚಿ ಹನ್ನೊಂದು ವರ್ಷ ಆಗಿತ್ತು. ನಮ್ಮವರು ಬಂದಿದ್ದೆಲ್ಲ ವಿಮಾನದಲ್ಲಿ.

ಪ್ರತಿಮೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಫೋಟೋದಲ್ಲಿ ನೋಡಿದ್ದೇ ದೊಡ್ಡದಾಗಿ ಇದೆ. ನೆಲದಿಂದ ಪಂಜಿನ ತುದಿಗೆ 93 ಮೀಟರ್, ಆದರೆ ಹೊದಿಸಿದ ತಾಮ್ರದ ದಪ್ಪ 2.4 ಮಿಲಿಮೀಟರ್ ಅಷ್ಟೇ. ಆ ಹಸಿರು ಬಣ್ಣ ತಾಮ್ರದ ಕಿಲುಬು ಅಂತ ಗೊತ್ತಾದ ಮೇಲೆ ಅಮ್ಮ, "ಒಂದು ಹಿಡಿ ಹುಣಸೆಹಣ್ಣು ಹಾಕಿ ತಿಕ್ಕೋರು ಯಾರೂ ಇಲ್ವಾ?" ಅಂದಳು. ಇಷ್ಟು ವರ್ಷ ಆ ಕಿಲುಬೇ ತಾಮ್ರವನ್ನು ಕಾಪಾಡಿಕೊಂಡು ಬಂದಿದೆ ಅಂದರೂ ಅವಳಿಗೆ ಸಮಾಧಾನವಿಲ್ಲ. ಹಳೆಯ ಪಂಜು ಅಲ್ಲಿನ ಮ್ಯೂಸಿಯಂನಲ್ಲಿದೆ, ಅದನ್ನು ಬಿಡಬೇಡಿ.

ವಾಪಸ್ ಬರುವಾಗ ಇನ್ನೊಂದು ಎಡವಟ್ಟು ಆಗುವುದರಲ್ಲಿತ್ತು. ನ್ಯೂಜರ್ಸಿಗೆ ಹೋಗುವ ಬೋಟ್ ಬೇರೆ, ಮ್ಯಾನ್‌ಹ್ಯಾಟನ್‌ಗೆ ಹೋಗುವುದು ಬೇರೆ, ಲೈನೂ ಬೇರೆ. ಉದ್ದ ಇರುವ ಲೈನೇ ನಮ್ಮದು ಅಂದುಕೊಂಡು ಹತ್ತು ನಿಮಿಷ ನಿಂತಿದ್ದೆವು. ಮುಂದಿದ್ದವರನ್ನು ಕೇಳಿದ್ದಕ್ಕೆ ಬಚಾವಾದೆವು, ಇಲ್ಲದಿದ್ದರೆ ಕಾರು ಒಂದು ದಡದಲ್ಲಿ, ನಾವು ಇನ್ನೊಂದು ದಡದಲ್ಲಿ.

ಊರಿಗೆ ಹೊರಡುವ ಮೊದಲು ನಾನು ಒಬ್ಬಳೇ ಬ್ಯಾಟರಿ ಪಾರ್ಕಿಗೆ ಹೋಗಿ ಆ ಕ್ಯಾಸಲ್ ಕ್ಲಿಂಟನ್ ನೋಡಿ ಬಂದೆ. ಎಲ್ಲಿಸ್‌ಗೂ ಮುಂಚೆ, 1855ರಿಂದ 1890ರವರೆಗೆ, ವಲಸೆ ಬಂದವರು ಇಳಿಯುತ್ತಿದ್ದುದು ಆ ಕೋಟೆಯಲ್ಲೇ, ಸುಮಾರು 80 ಲಕ್ಷ ಜನ. ಅದನ್ನು ಯಾಕೆ ಶುರು ಮಾಡಿದರು ಅಂದರೆ, ಆಗ ಹಡಗು ಬಂದ ಕೂಡಲೇ ದಡದಲ್ಲಿ "ರನ್ನರ್" ಅನ್ನುವವರು ಕಾಯುತ್ತಿದ್ದರು. ಬಂದವರ ಭಾಷೆಯಲ್ಲೇ ನಮಸ್ಕಾರ ಹೇಳಿ, ಲಗೇಜ್ ಕಸಿದುಕೊಂಡು, ಕೆಟ್ಟ ವಸತಿಗೃಹಕ್ಕೆ ಕರೆದೊಯ್ದು, ದುಬಾರಿಗೆ ಸುಳ್ಳು ರೈಲು ಟಿಕೆಟ್ ಮಾರುತ್ತಿದ್ದರು. ಅವರನ್ನು ಹೊರಗಿಟ್ಟು, ಸರಿಯಾದ ಬೆಲೆಗೆ ಟಿಕೆಟ್ ಕೊಡಿಸಲೆಂದೇ ಕೋಟೆಯ ಗೋಡೆ ಬೇಕಾಯಿತು. ಎಲ್ಲಿಸ್ ಬಂದ ಮೇಲೂ ಹಣ ಬದಲಿಸುವಲ್ಲಿ ಮೋಸ ನಡೆಯುತ್ತಲೇ ಇತ್ತು, 1902ರಲ್ಲಿ ವಿಲಿಯಂ ವಿಲಿಯಮ್ಸ್ ಎನ್ನುವ ಹೊಸ ಕಮಿಷನರ್ ಬಂದು ಅದನ್ನೆಲ್ಲ ಗುಡಿಸಬೇಕಾಯಿತು.

ಕೋಟೆಯಿಂದ ಹೊರಗೆ ಬಂದರೆ ಗೇಟಿನ ಹತ್ತಿರ ಅದೇ ವೆಸ್ಟ್. ಮನುಷ್ಯ ಅವನೇನಾ ಬೇರೆಯವನಾ ಗೊತ್ತಾಗಲಿಲ್ಲ. "ನಮಸ್ತೆ, ಇಂಡಿಯಾ?" ಅಂದ. ನಾನು ಕನ್ನಡದಲ್ಲೇ ಎರಡು ಮಾತು ಹೇಳಿ ಬಂದೆ, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಹೋಗುವವರು ಏನಾದರೂ ಕೇಳುವುದಿದ್ದರೆ ಕೇಳಿ. ಪ್ರತಿಮೆಯ ಕಿರೀಟದ ಬಗ್ಗೆ ಮಾತ್ರ ಕೇಳಬೇಡಿ. ಅದರ ಟಿಕೆಟ್ ತಿಂಗಳುಗಟ್ಟಲೆ ಮೊದಲೇ ಖಾಲಿ, ಪೀಠದ ಮೇಲಿಂದ 162 ಕಿರಿದಾದ ಸುತ್ತುಮೆಟ್ಟಿಲು, ಅಲ್ಲಿಗೆ ಲಿಫ್ಟೂ ಇಲ್ಲ. ನಾವು ಹತ್ತಲಿಲ್ಲ.