ಜೋಕಿಗೆ ನಾಲ್ಕು ಸ್ಟಾರ್, ವೇಷಕ್ಕೆ ಸೊನ್ನೆ

ಇದು ಫುಡ್ ಆಪ್‌ಗಳ ಊಟದ ರಿವ್ಯೂ ಅಲ್ಲ, ಜಾಹೀರಾತಿಗೆ ಅಂತ ಕಂಪನಿಗಳು ಹೊಡೆಯೋ ಜೋಕಿನ ರಿವ್ಯೂ. ಬೆಳಗ್ಗೆಯಿಂದ ರಾತ್ರಿ ತನಕ ಟಿಂಗ್ ಅಂತ ಬರೋ ತಲೆಹರಟೆ ನೋಟಿಫಿಕೇಶನ್ನು, ಇನ್‌ಸ್ಟಾದಲ್ಲಿ ಫ್ರೆಂಡ್ ಹಾಕಿರೋ ಮೀಮ್ ಥರಾನೇ ಕಾಣೋ ಕಂಪನಿ ಪೋಸ್ಟು, ನಗ್ತಾ ನಗ್ತಾ ನೋಡಿದ್ರೆ ಕೊನೆಗೆ ಆಪ್ ಡೌನ್‌ಲೋಡ್ ಮಾಡಿ ಅನ್ನೋ ಟ್ರೋಲ್ ಪೇಜಿನ ರೀಲು, ಇವೆಲ್ಲಾ ನಾವು ಕೇಳದೇ ಇದ್ರೂ ಕೊಡ್ತಿರೋ ಸರ್ವಿಸ್ ತಾನೇ, ಅಂದ್ಮೇಲೆ ಸ್ಟಾರ್ ಕೊಡೋ ಹಕ್ಕೂ ನಮಗಿದೆ.

ಮೊದ್ಲು ಚೆನ್ನಾಗಿರೋದನ್ನ ಹೇಳ್ಬಿಡ್ತೀನಿ. 2019ರ ಜುಲೈನಲ್ಲಿ ಜೊಮ್ಯಾಟೊ ಹಿಂದಿಯಲ್ಲಿ ಒಂದು ಟ್ವೀಟ್ ಹಾಕ್ತು, ಯಾವಾಗ್ಲಾದ್ರೂ ಮನೆ ಊಟನೂ ಮಾಡ್ಬೇಕಪ್ಪಾ ಅಂತ. ಅಷ್ಟೇ. ಆಫರ್ ಇಲ್ಲ, ಕೂಪನ್ ಇಲ್ಲ. ಹೋಟೆಲ್ ಊಟ ತಂದುಕೊಟ್ಟು ಬದುಕೋ ಕಂಪನಿನೇ ಮನೇಲಿ ಉಣ್ರಪ್ಪಾ ಅಂದ್ರೆ ಯಾರಿಗೆ ನಗು ಬರಲ್ಲ ಹೇಳಿ, ತನ್ನ ಕಾಲನ್ನ ತಾನೇ ಎಳ್ಕೊಂಡಿದೆ, ಮತ್ತೆ ಅದರ ಹೆಸರು ನೋಡಿದ ತಕ್ಷಣ ಹಸಿವೂ ನೆನಪಾಗುತ್ತೆ. ಆಮೇಲೆ ಶುರುವಾಯ್ತು ನೋಡಿ ಕಾಪಿ ಹೊಡೆಯೋರ ಸಾಲು. ಯೂಟ್ಯೂಬ್ ಇಂಡಿಯಾ ಬಂದು ರಾತ್ರಿ ಮೂರು ಗಂಟೆಗೆ ಫೋನ್ ಪಕ್ಕಕ್ಕಿಟ್ಟು ಮಲಗ್ರೋ ಅಂತು, ಪ್ರೈಮ್ ವಿಡಿಯೋ ಒಂದೊಂದ್ಸಲ ಕೇಬಲ್ಲಲ್ಲೂ ಏನಾದ್ರೂ ನೋಡಿ ಅಂತು, ಆಮೇಲಾಮೇಲೆ ಹಿಂದೆ ಮುಂದೆ ಗೊತ್ತಿಲ್ಲದ ಬ್ರಾಂಡುಗಳೂ ಅದೇ ಸಾಲಿಗೆ ಬಂದು ನಿಂತ್ವು. ಕೊನೆಗೆ ಜೊಮ್ಯಾಟೊನೇ, ಯಾವಾಗ್ಲಾದ್ರೂ ಒಳ್ಳೆ ಟ್ವೀಟನ್ನ ನೀವೇ ಯೋಚ್ನೆ ಮಾಡಿ ಅಂತ ಹಾಕಿ ಎಲ್ಲರ ಬಾಯಿ ಮುಚ್ಚಿಸ್ತು. ಇದಕ್ಕೆ ಧಾರಾಳವಾಗಿ ನಾಲ್ಕು ಸ್ಟಾರ್. ಐದು ಯಾಕಿಲ್ಲ ಅಂದ್ರೆ ಈ ಥರದ್ದೊಂದು ಹಿಟ್ ಆದ್ಮೇಲೆ ಅದೇ ಅಚ್ಚಲ್ಲಿ ಒತ್ತಿ ಒತ್ತಿ ದಿನಕ್ಕೆ ಮೂರು ಕಳಿಸ್ತಾರಲ್ಲ ಎಲ್ಲರೂ, ಅದಕ್ಕೆ.

2021ರ ಏಪ್ರಿಲ್‌ನಲ್ಲಿ ಬಂದ ಕ್ರೆಡ್ ಅನ್ನೋ ಆಪಿನ ಜಾಹೀರಾತು ನಮ್ಮೂರಿಂದು, ಬಿಡೋಕಾಗಲ್ಲ. ರಾಹುಲ್ ದ್ರಾವಿಡ್ ಟ್ರಾಫಿಕ್ಕಲ್ಲಿ ಕೂತು ಕಿರುಚೋದೇನು, ಬ್ಯಾಟಲ್ಲಿ ಪಕ್ಕದ ಕಾರಿನ ಮಿರರ್ ಒಡೆಯೋದೇನು, ಕಾರಿನ ಮೇಲಿಂದ ಎದ್ದು ನಿಂತು ಇಂದಿರಾನಗರದ ಗೂಂಡಾ ನಾನು ಅನ್ನೋದೇನು. ಕ್ರೀಸಲ್ಲಿ ಗಂಟೆಗಟ್ಟಲೆ ಒಂದು ಮಾತಾಡದೆ ನಿಂತಿದ್ದ ಮನುಷ್ಯ ಅವರು, ಬೆಳೆದಿದ್ದೂ ಬೆಂಗಳೂರಲ್ಲೇ, ಸಿಲ್ಕ್ ಬೋರ್ಡ್ ಸಿಗ್ನಲಲ್ಲಿ ನಿಂತ ಪ್ರತಿಯೊಬ್ಬರೂ ಮನಸ್ಸಲ್ಲೇ ಬೈಕೊಳ್ಳೋದನ್ನ ಅವರು ಬಾಯಿಬಿಟ್ಟು ಬೈದ್ರು, ಅದಕ್ಕೇ ಅದು ಆ ಪಾಟಿ ಓಡಿದ್ದು. ವಿರಾಟ್ ಕೊಹ್ಲಿ ಶೇರ್ ಮಾಡಿದ್ರು. ಜೊಮ್ಯಾಟೊ ಬೇರೆ ಮೂಗು ತೂರಿಸಿ, ರೋಡಲ್ಲೊಬ್ಬ ಸಿಟ್ಟಿನ ಗೂಂಡಾ ಇದಾನೆ, ಇಂದಿರಾನಗರಕ್ಕೆ ಡೆಲಿವರಿ ಲೇಟಾಗಬಹುದು ಅಂತ ಹಾಕ್ತು. ಒಬ್ಬರು ದುಡ್ಡು ಸುರಿದ ಜಾಹೀರಾತಲ್ಲಿ ಇನ್ನೊಬ್ಬರಿಗೆ ಬಿಟ್ಟಿ ಪ್ರಚಾರ! ಆದ್ರೆ ಒಂದು ವಿಷ್ಯ, ನನ್ನ ಫ್ರೆಂಡ್ಸಲ್ಲಿ ಈಗಲೂ ಗೂಂಡಾ ಡೈಲಾಗ್ ಹೊಡೆಯೋರು ಬೇಕಾದಷ್ಟಿದಾರೆ, ಅದು ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟೋ ಆಪಿನ ಜಾಹೀರಾತು ಅಂತ ಹೇಳಿದ್ರೆ ಹೌದಾ ಅಂತಾರೆ.

ಜೋಕ್ ಮಾಡೋ ಬ್ರಾಂಡ್ ಅಂದ್ಮೇಲೆ ಜೋಕ್ ತಿನ್ನೋಕೂ ರೆಡಿ ಇರ್ಬೇಕು. 1966ರಿಂದ ಅಮುಲ್ ಬೆಣ್ಣೆ ಹುಡುಗಿ ದೇಶದಲ್ಲಿ ಯಾರನ್ನ ಬಿಟ್ಟಿದಾಳೆ, ರಾಜಕಾರಣಿ, ಕ್ರಿಕೆಟ್ಟು, ಸಿನಿಮಾ ಎಲ್ಲದರ ಮೇಲೂ ಹೋರ್ಡಿಂಗ್ ಬಿದ್ದಿದೆ. 2023ರ ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಹಾಲು ಮೊಸರು ತರ್ತೀವಿ ಅಂತ ಅದೇ ಅಮುಲ್ ಒಂದು ಟ್ವೀಟ್ ಹಾಕಿದ್ದೇ ತಡ, ಚುನಾವಣೆ ಟೈಮ್ ಬೇರೆ, ನಂದಿನಿ ಉಳಿಸಿ ಅಂತ ನಮ್ಮ ಜನ ಹಾಕಿದ ಮೀಮುಗಳ ಮುಂದೆ ಯಾವ ಏಜೆನ್ಸಿನೂ ನಿಲ್ಲೋಕಾಗ್ತಿರ್ಲಿಲ್ಲ. ಅದಕ್ಕೆಲ್ಲಾ ಯಾರೂ ದುಡ್ಡು ಕೊಟ್ಟಿರ್ಲಿಲ್ಲ ಅಂತ ನನ್ನ ನಂಬಿಕೆ, ಪಾರ್ಟಿಗಳ ಐಟಿ ಸೆಲ್ ಬಿಟ್ಟು. ಅದರ ಮುಂದಿನ ವರ್ಷ ಟಿ20 ವಿಶ್ವಕಪ್ಪಲ್ಲಿ ಸ್ಕಾಟ್ಲೆಂಡ್ ಆಟಗಾರರ ಜೆರ್ಸಿ ಮೇಲೆ ಕನ್ನಡದಲ್ಲಿ ನಂದಿನಿ ಅಂತ ಕಂಡಾಗ್ಲೂ ಅಷ್ಟೇ, ಮೀಮ್ ಮಾಡಿದ್ದು ನಾವೇ. ನಂದಿನಿ ಮಾಡೋ ಕೆಎಂಎಫ್‌ನೋರು ಜೋಕ್ ಹೊಡೆಯೋ ಕಷ್ಟ ತಗೊಳ್ಳೋದೇ ಬೇಕಾಗ್ಲಿಲ್ಲ.

ಈಗ ಸೊನ್ನೆ ಯಾರಿಗೆ ಅಂತ ಹೇಳ್ತೀನಿ. ಆಫೀಸಲ್ಲಿ ಮೀಟಿಂಗ್ ನಡೀತಿದೆ, ಫೋನ್ ಮೇಲೆ "ಅಮ್ಮ: 2 ಮಿಸ್ಡ್ ಕಾಲ್" ಅಂತ ಬಂತು, ಪಕ್ಕದಲ್ಲಿ ಕೆಂಪು ಬಾಣದ ಗುರುತು ಬೇರೆ. ನಮ್ಮಮ್ಮ ಹಾಸನದಲ್ಲಿ ಒಬ್ಬರೇ ಇರೋದು, ಬಿಪಿ ಇದೆ, ಹಗಲೊತ್ತಲ್ಲಿ ಸುಮ್ಸುಮ್ನೆ ಎರಡೆರಡು ಸಲ ಫೋನ್ ಮಾಡೋರಲ್ಲ. ಎದೆ ಧಸಕ್ ಅಂತು. ಹೊರಗೆ ಓಡಿ ಬಂದು ಒತ್ತಿದ್ರೆ ಒಂದು ದಿನಸಿ ಆಪ್ ಓಪನ್ ಆಯ್ತು, ಊಟ ಆಯ್ತಾ ಮಗನೇ, ಕೊಬ್ಬರಿ ಎಣ್ಣೆ ಮೇಲೆ ಇಪ್ಪತ್ತು ಪರ್ಸೆಂಟ್ ಆಫ್ ಅಂತೆ. ಇದನ್ನ ಬರೆದೋರಿಗೆ ಅಮ್ಮ ಇಲ್ವಾ ಸ್ವಾಮಿ? ಕಸ್ಟಮರ್ ಕೇರ್‌ಗೆ ಬರೆದ್ರೆ ನಿಮ್ಮ ಫೀಡ್‌ಬ್ಯಾಕ್ ಅಮೂಲ್ಯವಾದದ್ದು ಅಂತ ಉತ್ರ, ಜೊತೆಗೊಂದು ನಗೋ ಇಮೋಜಿ. 2023ರ ನವೆಂಬರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹದಿಮೂರು ಥರದ ಡಾರ್ಕ್ ಪ್ಯಾಟರ್ನ್, ಅಂದ್ರೆ ಆಪು ವೆಬ್‌ಸೈಟುಗಳು ಗ್ರಾಹಕರನ್ನ ಯಾಮಾರಿಸೋ ಟ್ರಿಕ್ಕುಗಳ ಪಟ್ಟಿ ಮಾಡಿತ್ತು, ಅದರಲ್ಲಿ ವೇಷ ಹಾಕಿದ ಜಾಹೀರಾತೂ ಒಂದು, ಇದು ವೇಷ ಅಲ್ದೇ ಇನ್ನೇನು ಅಂತ ನನಗಂತೂ ಗೊತ್ತಾಗ್ಲಿಲ್ಲ.

ಟ್ರೋಲ್ ಪೇಜುಗಳ ಕಥೆ ಇನ್ನೊಂಥರಾ. ಕಂಡಕ್ಟರ್ ಚಿಲ್ಲರೆ ಜಗಳ, ಪಿಜಿ ಉಪ್ಪಿಟ್ಟು, ಎಂಜಿನಿಯರಿಂಗ್ ಬ್ಯಾಕ್‌ಲಾಗ್, ಎಲ್ಲಾ ನಮ್ಮದೇ ಕಾಮಿಡಿ, ನಕ್ಕು ನಕ್ಕು ಫಾರ್ವರ್ಡ್ ಮಾಡ್ತೀವಿ, ಆದ್ರೆ ಮೂಲೇಲಿ ಚಿಕ್ಕದಾಗಿ ಬೆಟ್ಟಿಂಗ್ ಆಪಿನ ಲೋಗೋ ಇತ್ತು ಅನ್ನೋದನ್ನ ಎಷ್ಟು ಜನ ನೋಡಿದ್ರು? ದುಡ್ಡು ತಗೊಂಡು ಹಾಕಿದ್ರೆ ಹಾಗಂತ ಲೇಬಲ್ ಹಾಕ್ಬೇಕು ಅಂತ ಜಾಹೀರಾತು ಗುಣಮಟ್ಟ ಮಂಡಳಿ ಎಎಸ್‌ಸಿಐ 2021ರಲ್ಲೇ ನಿಯಮ ಮಾಡಿದೆ. ಹಾಕೋರೂ ಇದಾರೆ, ಹಾಕಿದ ಪೋಸ್ಟಿಗೂ ಜನ ನಗ್ತಾರೆ, ಲೈಕೂ ಬರುತ್ತೆ, ಇನ್ನೂ ಕೆಲವರು ಹ್ಯಾಶ್‌ಟ್ಯಾಗ್ ಕಾಡಿನ ಮಧ್ಯೆ ಬಚ್ಚಿಡ್ತಾರೆ. 2025ರಲ್ಲಿ ದುಡ್ಡಿಟ್ಟು ಆಡೋ ಆನ್‌ಲೈನ್ ಗೇಮ್ ಜೊತೆ ಅದರ ಜಾಹೀರಾತನ್ನೂ ಸೇರಿಸಿ ನಿಷೇಧಿಸೋ ಕಾನೂನೇ ಬಂತು. ಆದ್ರೂ ಹಳೇ ರೀಲುಗಳು ಗ್ರೂಪಿಂದ ಗ್ರೂಪಿಗೆ ಓಡಾಡ್ತಾನೇ ಇವೆ, ನಮ್ಮ ಫ್ಯಾಮಿಲಿ ಗ್ರೂಪಲ್ಲಿ ದೊಡ್ಡಪ್ಪನೇ ಕಳಿಸ್ತಾರೆ, ಲೋಗೋ ಸಮೇತ.

ನೋಟಿಫಿಕೇಶನ್ ಕಾಟ ಇರೋರು ಒಂದು ಕೆಲ್ಸ ಮಾಡಿ. ಆಂಡ್ರಾಯ್ಡಲ್ಲಿ ಬಂದಿರೋ ನೋಟಿಫಿಕೇಶನ್ನನ್ನೇ ಒತ್ತಿ ಹಿಡೀರಿ, ಸೆಟ್ಟಿಂಗ್ಸ್ ಬರುತ್ತೆ, ಅಲ್ಲಿ ಪ್ರಮೋಶನ್ ಅನ್ನೋದನ್ನ ಮಾತ್ರ ಆಫ್ ಮಾಡಿ ಆರ್ಡರ್ ಅಪ್‌ಡೇಟ್ ಹಾಗೇ ಬಿಡಬಹುದು. ನನ್ನ ದಿನಸಿ ಆಪು ಎರಡನ್ನೂ ಒಂದೇ ಬಟನ್ನಿಗೆ ಕಟ್ಟಿಹಾಕಿದೆ, ಆಫ್ ಮಾಡಿದ್ರೆ ಹಾಲು ಬಂದಿದ್ದೂ ಗೊತ್ತಾಗಲ್ಲ. ಅದನ್ನ ಅನ್‌ಇನ್‌ಸ್ಟಾಲ್ ಮಾಡಿದೆ, ಹಾಲಿಗೆ ಈಗ ಬೂತಿಗೇ ಹೋಗ್ತೀನಿ.