ಬೀಜದ ಪೆಟ್ಟಿಗೆಯ ಮೇಲಿನ ಚಿತ್ರವನ್ನು ನಂಬಿ ನಾನು ಕಳೆದ ಮೂರು ವರ್ಷ

‘ಬೀಜದಿಂದಲೇ ಬೋನ್ಸಾಯ್ ಬೆಳೆಸಿರಿ’ ಎಂಬ ಬರಹವಿದ್ದ ಪೆಟ್ಟಿಗೆಯೊಂದನ್ನು ನಾನು 2021ರ ಮಾರ್ಚ್‌ನಲ್ಲಿ ಆನ್‌ಲೈನ್ ಮಳಿಗೆಯೊಂದರಿಂದ 899 ರೂಪಾಯಿ ಕೊಟ್ಟು ತರಿಸಿದೆ. ಅಂಥದೇ ಪೆಟ್ಟಿಗೆಯನ್ನು ತರಿಸುವ ಯೋಚನೆಯಲ್ಲಿರುವವರು, ಅದರಲ್ಲೂ ಬೆಂಗಳೂರಿನಂಥ ಊರಿನಲ್ಲಿ ಮಹಡಿಯ ಮೇಲೆ ನಾಲ್ಕು ಕುಂಡಗಳನ್ನಿಟ್ಟುಕೊಂಡು ಮೊದಲ ಬಾರಿಗೆ ಈ ಕೆಲಸಕ್ಕೆ ಕೈಹಾಕುತ್ತಿರುವವರು, ಹಣ ಕಟ್ಟುವ ಮುನ್ನ ನನಗಾದದ್ದನ್ನು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಪೆಟ್ಟಿಗೆಯೊಳಗೆ ನಾಲ್ಕು ಬೀಜದ ಪೊಟ್ಟಣಗಳು, ಒತ್ತಿ ಗಟ್ಟಿ ಮಾಡಿದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬಿಲ್ಲೆಗಳು, ಅಂಗೈ ಅಗಲದ ಕುಂಡಗಳು, ಒಂದು ಕತ್ತರಿ, ಒಂದು ಸುರುಳಿ ಅಲ್ಯೂಮಿನಿಯಂ ತಂತಿ ಹಾಗೂ ಒಂದೇ ಹಾಳೆಯ ಸೂಚನಾಪತ್ರ ಇದ್ದವು. ಮೇಲಿನ ಚಿತ್ರದಲ್ಲಿದ್ದುದು ತೊಗಟೆ ಬಿರಿದು, ಬುಡದ ಬೇರುಗಳು ತಟ್ಟೆಯ ನಾಲ್ಕೂ ಕಡೆಗೆ ಹರಡಿ ನಿಂತ, ನನಗಿಂತ ಹಿರಿಯದೇ ಇರಬಹುದಾದ ಒಂದು ಪೈನ್ ಮರ. ಆ ಮರಕ್ಕೂ ಒಳಗಿದ್ದ ಬೀಜಕ್ಕೂ ನಡುವೆ ಎಷ್ಟು ವರ್ಷಗಳ ದುಡಿಮೆಯಿದೆ ಎಂಬುದನ್ನು ಪೆಟ್ಟಿಗೆಯ ಯಾವ ಮೂಲೆಯಲ್ಲಿಯೂ ಅಚ್ಚು ಹಾಕಿರಲಿಲ್ಲ.

ಪೊಟ್ಟಣಗಳ ಮೇಲೆ ಜಪಾನಿ ಮೇಪಲ್, ಜಪಾನಿ ಕಪ್ಪು ಪೈನ್, ಬ್ಲೂ ಜಕರಂಡಾ, ಫ್ಲೇಮ್ ಟ್ರೀ ಎಂದು ಬರೆದಿತ್ತು. ಮೊದಲು ಮೊಳೆತದ್ದು ಫ್ಲೇಮ್ ಟ್ರೀ. ಅದರ ಎಲೆ ಬಿಚ್ಚಿದ ದಿನವೇ ನನ್ನ ತಾಯಿ ಅದನ್ನು ಗುರುತಿಸಿ, “ಇದು ಕತ್ತಿಕಾಯಿ ಮರ ಅಲ್ಲವೇನೋ, ಇದಕ್ಕೂ ದುಡ್ಡು ಕೊಟ್ಟೆಯಾ?” ಎಂದು ಕೇಳಿದರು. ಶಾಲೆಯಿಂದ ಬರುವಾಗ ಯಾವುದರ ಕಾಯಿಯನ್ನು ಹಿಡಿದು ಕತ್ತಿವರಸೆ ಆಡುತ್ತಿದ್ದೆವೋ ಆ ಗುಲ್‌ಮೊಹರ್‌ನ ಬೀಜವನ್ನೇ ನಾನು ಅಂಚೆಯಲ್ಲಿ ತರಿಸಿಕೊಂಡಿದ್ದೆ. ಜಕರಂಡಾ ಮರವಂತೂ ಬೆಂಗಳೂರಿನ ರಸ್ತೆಗಳಲ್ಲಿ ಪ್ರತಿ ಬೇಸಿಗೆಯ ಆರಂಭಕ್ಕೆ ನೇರಳೆ ಹೂ ಸುರಿಸುತ್ತದೆ. ಬೋನ್ಸಾಯ್ ಬೀಜ ಎಂಬ ಬೇರೆ ಬೀಜವೇ ಇಲ್ಲ. ಸಾಮಾನ್ಯ ಮರವನ್ನೇ ಬೇರು ಸವರಿ, ಕೊಂಬೆ ಕತ್ತರಿಸಿ, ತಂತಿ ಸುತ್ತಿ ಕುಳ್ಳಾಗಿ ಉಳಿಸುವ ಕೆಲಸಕ್ಕೆ ಆ ಹೆಸರು. ಸಾಲದೆಂಬಂತೆ ಗುಲ್‌ಮೊಹರ್‌ನ ಎಲೆ ಮೊಳಕೈ ಉದ್ದಕ್ಕೆ ಬೆಳೆಯುವಂಥದ್ದು. ಅದನ್ನು ಗೇಣುದ್ದದ ಮರದ ಅಳತೆಗೆ ಹೊಂದಿಸುವುದು ಪಳಗಿದ ಕೈಗೂ ಸುಲಭವಲ್ಲ.

ಸೂಚನಾಪತ್ರ ಎಲ್ಲ ಬೀಜಗಳಿಗೂ ಒಂದೇ ಮದ್ದು ಹೇಳಿತ್ತು: 24 ಗಂಟೆ ಬಿಸಿನೀರಿನಲ್ಲಿ ನೆನೆಸಿ ಬಿತ್ತುವುದು. ಗಟ್ಟಿ ಸಿಪ್ಪೆಯ ಗುಲ್‌ಮೊಹರ್‌ಗೆ ಅದು ಸರಿಯಾದ ಕ್ರಮವೇ ಹೌದು. ಆದರೆ ಜಪಾನಿ ಮೇಪಲ್ ಬೀಜಕ್ಕೆ ಬೇಕಾದದ್ದು ಚಳಿಗಾಲ. ನಾಲ್ಕೈದು ಡಿಗ್ರಿ ಸೆಲ್ಸಿಯಸ್‌ನ ತಂಪಿನಲ್ಲಿ, ತೇವದಲ್ಲಿ, ಮೂರು–ನಾಲ್ಕು ತಿಂಗಳು ಮಲಗಿದ ಮೇಲೆಯೇ ಅದು ಕಣ್ಣು ಬಿಡುವುದು. ಇದು ತಿಳಿಯದೆ ಮಾರ್ಚ್‌ನ ಬಿಸಿಲಿನಲ್ಲಿ ಬಿತ್ತಿದ ಹತ್ತು ಬೀಜಗಳೂ ಕೊಳೆತುಹೋದವು. ಉಳಿದ ಹತ್ತನ್ನು ಒದ್ದೆ ಕಾಗದದಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಹಿಂದೆ ನೂರು ದಿನ ಇಟ್ಟೆ, ಬೂಷ್ಟು ಬಂದಾಗಲೆಲ್ಲ ತೊಳೆದು ಕಾಗದ ಬದಲಿಸಿದೆ, ಮನೆಯವರ ಗೊಣಗಾಟವನ್ನೂ ಸಹಿಸಿಕೊಂಡೆ. ಮೂರು ಮೊಳೆತವು.

ಮಳೆಗಾಲದಲ್ಲಿ ಆ ಮೂರು ಸಸಿಗಳು ಎಷ್ಟು ಚೆನ್ನಾಗಿದ್ದವೆಂದರೆ ನಾನು ಗೆದ್ದೆನೆಂದೇ ಭಾವಿಸಿದ್ದೆ. ಆದರೆ ಮೇಪಲ್ ಮರ ವರ್ಷಕ್ಕೊಮ್ಮೆ ಎಲೆ ಉದುರಿಸಿ ವಾರಗಟ್ಟಲೆ ಕೊರೆಯುವ ಚಳಿಯಲ್ಲಿ ವಿಶ್ರಮಿಸಬೇಕು, ಬೆಂಗಳೂರಿನಲ್ಲಿಯೋ ಜನವರಿಯ ರಾತ್ರಿಯೂ ಸಾಮಾನ್ಯವಾಗಿ ಹದಿನೈದು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಏಪ್ರಿಲ್ ಬಂದಾಗ ಎಲೆಗಳ ಅಂಚು ಸುಟ್ಟ ಕಾಗದದಂತಾಯಿತು. ನೆರಳು ಬಲೆ ಕಟ್ಟಿದೆ, ದಿನಕ್ಕೆರಡು ಸಲ ನೀರು ಚಿಮುಕಿಸಿದೆ; ಎರಡು ಆ ವರ್ಷವೇ ಹೋದವು, ಕೊನೆಯದು 2023ರ ಜೂನ್‌ನಲ್ಲಿ ಒಣಗಿತು. ಫ್ರಿಜ್ಜಿನಲ್ಲಿ ಬೀಜ ಮಲಗಿಸಬಹುದು, ಮರ ಮಲಗಿಸಲಾಗದು ಎಂಬುದು ನನಗೆ ಹೊಳೆಯಲು ಎರಡು ಬೇಸಿಗೆ ಬೇಕಾಯಿತು.

ಪೈನ್ ಕಥೆ ಚಿಕ್ಕದು. ಏಳು ಸಸಿಗಳು ಮೊಳೆತು, ಹತ್ತೇ ದಿನಗಳಲ್ಲಿ ಮಣ್ಣಿನ ಮಟ್ಟದಲ್ಲಿ ನೂಲಿನಂತೆ ಸಣ್ಣಗಾಗಿ ಒಂದರ ಹಿಂದೊಂದು ಮಲಗಿಬಿಟ್ಟವು. ಇದು ಶಿಲೀಂಧ್ರದಿಂದ ಬರುವ ಸಸಿ ಕೊಳೆ ರೋಗ. ಮೆಣಸಿನಕಾಯಿಯ ಸಸಿಮಡಿ ಮಾಡುವ ಯಾವ ರೈತರನ್ನು ಕೇಳಿದ್ದರೂ ನೀರು ನಿಲ್ಲಬಾರದು, ಗಾಳಿಯಾಡಬೇಕು ಎಂದು ಹೇಳುತ್ತಿದ್ದರು. ಸೂಚನಾಪತ್ರವಾದರೋ ಕೋಕೋಪೀಟನ್ನು ಸದಾ ಒದ್ದೆಯಾಗಿಟ್ಟು ಮೇಲೆ ಪ್ಲಾಸ್ಟಿಕ್ ಹೊದಿಸಲು ಹೇಳಿತ್ತು.

ಇಷ್ಟಾದರೂ ದೊಡ್ಡ ತಪ್ಪು ನನ್ನದೇ. ಮೂರು ತಿಂಗಳ ಗುಲ್‌ಮೊಹರ್ ಸಸಿಯ ತಾಯಿಬೇರನ್ನು ಅರ್ಧ ಕತ್ತರಿಸಿ, ಎರಡಂಗುಲ ಆಳದ ತಟ್ಟೆಗೆ ಹಾಕಿ, ಪೆನ್ಸಿಲ್‌ಗಿಂತ ತೆಳುವಾದ ಕಾಂಡಕ್ಕೆ ತಂತಿ ಸುತ್ತಿದೆ. ತಟ್ಟೆಗೆ ಹಾಕಿದರೆ ಬೋನ್ಸಾಯ್ ಆಗುತ್ತದೆಂದು ನಾನು ತಿಳಿದಿದ್ದೆ. ವಾಸ್ತವದಲ್ಲಿ ಬೇರಿಗೆ ಜಾಗವಿಲ್ಲದ ತಟ್ಟೆಯಲ್ಲಿ ಕಾಂಡ ದಪ್ಪಗಾಗುವುದು ಬಹುತೇಕ ನಿಂತೇಹೋಗುತ್ತದೆ. ಆದ್ದರಿಂದಲೇ ಬಲ್ಲವರು ಸಸಿಯನ್ನು ಹಲವು ವರ್ಷ ನೆಲದಲ್ಲಿ ಅಥವಾ ದೊಡ್ಡ ಕುಂಡದಲ್ಲಿ ಮನಸಾರೆ ಬೆಳೆಯಲು ಬಿಟ್ಟು, ಬುಡ ತುಂಬಿಕೊಂಡ ಮೇಲೆ ಕಡಿದು ತಟ್ಟೆಗೆ ಇಳಿಸುತ್ತಾರೆ. ನನ್ನ ಸಸಿ ಒಂದು ವರ್ಷ ಹಾಗೆಯೇ ಕಡ್ಡಿಯಂತೆ ನಿಂತಿತ್ತು, ತಂತಿ ತೊಗಟೆಯೊಳಗೆ ಹೂತುಕೊಂಡಿತು, ಆಮೇಲೆ ಒಣಗಿತು.

ಇನ್ನೊಂದು ವಿಷಯವನ್ನು ನಾಚಿಕೆಯಿಂದಲೇ ಹೇಳಬೇಕು. ಮೇಪಲ್ ಸತ್ತ ಬೇಸರದಲ್ಲಿ, ಕಡುನೀಲಿ ಎಲೆಯ ಮೇಪಲ್ ಬೀಜ ಎಂಬ ಜಾಹೀರಾತನ್ನು ನಂಬಿ ವಿದೇಶಿ ಮಾರಾಟಗಾರನೊಬ್ಬನಿಂದ ಮತ್ತೊಂದು ಪೊಟ್ಟಣ ತರಿಸಿದೆ. ನೀಲಿ ಎಲೆಯ ಮೇಪಲ್ ಇಲ್ಲವೇ ಇಲ್ಲ. ಆ ಬಣ್ಣ ಚಿತ್ರ ತಿದ್ದಿದವರದು. ಲಕೋಟೆಯ ಮೇಲೆ ಆಭರಣ ಎಂದು ಬರೆದಿತ್ತು, ಬಿತ್ತಿದಾಗ ಬಂದದ್ದು ಸಾಸಿವೆಯಂಥ ಯಾವುದೋ ಕಳೆ. 2003ರ ಸಸ್ಯ ಸಂಪರ್ಕನಿಷೇಧ (ಪ್ಲಾಂಟ್ ಕ್ವಾರಂಟೈನ್) ಆದೇಶದ ಪ್ರಕಾರ ಹೊರದೇಶದ ಬೀಜಕ್ಕೆ ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು; ಅಪರಿಚಿತ ಬೀಜದ ಪೊಟ್ಟಣಗಳ ಬಗ್ಗೆ ಕೇಂದ್ರ ಕೃಷಿ ಸಚಿವಾಲಯ 2020ರ ಆಗಸ್ಟ್‌ನಲ್ಲಿ ಎಚ್ಚರಿಕೆಯನ್ನೂ ನೀಡಿತ್ತು. ಆ ಗಿಡಗಳನ್ನು ಬೀಜ ಕಟ್ಟುವ ಮೊದಲೇ ಕಿತ್ತು ಸುಟ್ಟೆ.

ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನವನ್ನು ನಾನು ನೋಡಿದ್ದು ಇದೆಲ್ಲ ಮುಗಿದ ಮೇಲೆ. ಪೆಟ್ಟಿಗೆ ತರಿಸುವ ಮೊದಲೇ ಹೋಗಬೇಕಿತ್ತು. ಅಲ್ಲಿನ ಆಲ, ಅರಳಿ ಜಾತಿಯ ಮರಗಳ ಮುಂದೆ ನಿಂತಾಗ, ನಾನು ಆ ಮೂರು ವರ್ಷಗಳಲ್ಲಿ ಬೋನ್ಸಾಯ್ ಕೆಲಸವನ್ನು ಒಂದು ದಿನವೂ ಕಲಿತಿರಲಿಲ್ಲ ಎಂಬುದು ಸ್ಪಷ್ಟವಾಯಿತು. ಕೊಂಬೆಯೇ ಇಲ್ಲದ ಸಸಿಯಲ್ಲಿ ಸವರಲು ಏನೂ ಇರುವುದಿಲ್ಲ. ಬೀಜದಿಂದ ಬೆಳೆಸುವ ಕ್ರಮಕ್ಕೆ ಜಪಾನಿನಲ್ಲಿ ‘ಮಿಶೊ’ ಎಂದು ಪ್ರತ್ಯೇಕ ಹೆಸರೇ ಇದೆ, ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಕೈಯಲ್ಲಿ ಬೇರೆ ಮರಗಳಿದ್ದು, ಅವುಗಳ ಆರೈಕೆಯ ನಡುವೆ ಹತ್ತು ವರ್ಷ ಕಾಯಬಲ್ಲವರಿಗೆ ಅದು ಒಳ್ಳೆಯ ದಾರಿ. ಮೊದಲ ಸಲ ಕತ್ತರಿ ಹಿಡಿಯುವವರು ಹತ್ತಿರದ ನರ್ಸರಿಯಲ್ಲಿ ಬುಡ ದಪ್ಪಗಿರುವ ಫೈಕಸ್ (ಆಲ, ಅರಳಿಯ ಜಾತಿಯ) ಗಿಡವನ್ನೋ ಹಳೆಯ ಕಾಗದದ ಹೂವಿನ ಗಿಡವನ್ನೋ ಆರಿಸಿಕೊಂಡರೆ ಮೊದಲ ವರ್ಷವೇ ಕೆಲಸ ಕಲಿಯಬಹುದು.

ನನ್ನ ಬಳಿ ಈಗಿರುವುದು ನೀರಿನ ಟ್ಯಾಂಕಿನ ಗೋಡೆಯ ಬಿರುಕಿನಿಂದ ಕಿತ್ತು ತಂದ ಒಂದು ಅರಳಿ ಗಿಡ ಮತ್ತು ಅಡುಗೆಮನೆಯ ಹುಣಸೆಹಣ್ಣಿನಿಂದ ಆರಿಸಿ, ರಾತ್ರಿ ನೆನೆಸಿ, ಅಕ್ಕನ ಮನೆಯ ಹಿತ್ತಿಲಿನಲ್ಲಿ ಬಿತ್ತಿದ ಹುಣಸೆ ಸಸಿ. ಹುಣಸೆ ಇನ್ನೂ ಕಿರುಬೆರಳಿನಷ್ಟು ದಪ್ಪವೂ ಆಗಿಲ್ಲ. ಅದನ್ನು ನೆಲದಿಂದ ಎತ್ತುವ ಯೋಚನೆ ಸದ್ಯಕ್ಕಿಲ್ಲ. ಪೆಟ್ಟಿಗೆಯ ಜೊತೆ ಬಂದ ಕತ್ತರಿ ಮಾತ್ರ ಚೆನ್ನಾಗಿದೆ, ತಾಯಿ ಅದರಲ್ಲಿ ಹೂವಿನ ದಾರ ಕತ್ತರಿಸುತ್ತಾರೆ.