ಕಿರುಚುವ ಎಂಜಿನ್ ಬೆಲ್ಟ್: ಬಿಗಿಗೊಳಿಸುವುದೇ, ಬದಲಿಸುವುದೇ?

ಬೆಲ್ಟ್ ಬಿಗಿಗೊಳಿಸಬೇಕೇ, ಬದಲಿಸಬೇಕೇ, ಬೆಲ್ಟನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರನ್ನೂ ಬದಲಿಸಬೇಕೇ ಎಂಬುದನ್ನು ಮೊದಲು ನೀರಿನಿಂದ ಪರೀಕ್ಷಿಸಿ. ಎಂಜಿನ್ ಓಡುತ್ತಿರುವಾಗ, ಕೈಯನ್ನೂ ಬಟ್ಟೆಯನ್ನೂ ದೂರವಿಟ್ಟು, ಬೆಲ್ಟಿನ ಒಳಮೈಗೆ ತುಸು ನೀರು ಚಿಮುಕಿಸಿದಾಗ ಸದ್ದು ಜೋರಾದರೆ ಬಿಗಿ ಸಾಲದೆಂದು ತಿಳಿಯಬಹುದು. ಸದ್ದು ಕ್ಷಣಕಾಲ ನಿಂತು ಮರಳಿದರೆ ಪುಲ್ಲಿಗಳು (ಬೆಲ್ಟ್ ಸುತ್ತುವ ಗಾಲಿಗಳು) ಒಂದೇ ಸಾಲಿನಲ್ಲಿ ಇರದಿರುವ ಸಾಧ್ಯತೆ ಹೆಚ್ಚು, ಅದನ್ನು ಸರಿಪಡಿಸದಿದ್ದರೆ ಹೊಸ ಬೆಲ್ಟೂ ಬೇಗ ಸವೆಯುತ್ತದೆ.

ಬಿಗಿಗೊಳಿಸುವುದು ಅಗ್ಗ. ಆದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಬೋಲ್ಟ್ ಸಡಿಲಿಸಿ ಹೊಂದಿಸುವ ಮಾರುತಿ 800ರಂತಹ ಹಳೆಯ ಕಾರುಗಳಲ್ಲಿ, ಅದೂ ಬೆಲ್ಟ್ ಚೆನ್ನಾಗಿದ್ದಾಗ ಮಾತ್ರ ಅದು ಸಾಕು. ಅತಿಯಾಗಿ ಬಿಗಿದರೆ ಬೇರಿಂಗ್ ಹಾಳಾಗುತ್ತದೆ. ಬಿರುಕುಬಿಟ್ಟ, ಗಾಜಿನಂತೆ ಹೊಳೆಯುವ ಅಥವಾ ಎಣ್ಣೆ ಕುಡಿದ ಬೆಲ್ಟನ್ನು ಬದಲಿಸಲೇಬೇಕು. ಸ್ವಯಂಚಾಲಿತ ಟೆನ್ಷನರಿನ ತೋಳು ಅದುರುತ್ತಿದ್ದರೆ, ಖರ್ಚು ಹೆಚ್ಚಾದರೂ ಬೆಲ್ಟ್, ಟೆನ್ಷನರ್ ಎರಡನ್ನೂ ಒಟ್ಟಿಗೆ ಬದಲಿಸುವುದನ್ನೇ ನಾನು ಒಪ್ಪುತ್ತೇನೆ. ಬೆಲ್ಟ್ ದಾರಿಯಲ್ಲಿ ತುಂಡಾದರೆ ಬ್ಯಾಟರಿ ಚಾರ್ಜ್ ಆಗುವುದೇ ನಿಲ್ಲುತ್ತದೆ.